ತೊಳೆಯದೆ ಬಿಟ್ಟ ಬಾವಿ

ತೋಫು ಮಾಡುವ ಫುಸಾಳಿಗೆ ಯಾವುದನ್ನಾದರೂ ತೊಳೆಯದೆ ಬಿಟ್ಟರೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಬೆಳಗಿನ ಜಾವ ಸೋಯಾ ಅರೆಯುವ ಮುಂಚೆ ತೊಟ್ಟಿ ತಿಕ್ಕುವಳು, ಮಾರಾಟ ಮುಗಿದ ಮೇಲೆ ಮತ್ತೆ ತಿಕ್ಕುವಳು. ಅಂಥವಳಿಗೆ ನಗರಸಭೆಯ ನಿಶಿಗಾಕಿ ಬಂದು ಹೇಳಿದ್ದೇನು? ತೋಫುವಿಗೆ ನೀರು ಸೇದುವ ಮನೆಯ ಬಾವಿಗೆ ಇನ್ನು ಕೈ ಹಚ್ಚಬೇಡಿ, ಸುಮ್ಮನಿರಿ ಎಂದು!

ಬೀದಿಯ ಮೇಲ್ತುದಿಯ ಕಾರ್ಖಾನೆಯಲ್ಲಿ ಲೋಹದ ಜಿಡ್ಡು ತೆಗೆಯುವ ದ್ರಾವಣ ವರ್ಷಗಟ್ಟಲೆ ಸೋರಿ ಅಂತರ್ಜಲ ಸೇರಿತ್ತು. ಕಾರ್ಖಾನೆ ಮುಚ್ಚಿತು, ಕೆಟ್ಟ ಮಣ್ಣನ್ನು ಅಗೆದು ಸಾಗಿಸಿದರು. ನೀರಿನಲ್ಲಿ ಬೆರೆತದ್ದನ್ನು ಮಾತ್ರ ನೆಲದ ಪಾಲಿಗೇ ಬಿಟ್ಟರು.

“ಮಣ್ಣೊಳಗಿನ ಸೂಕ್ಷ್ಮಜೀವಿಗಳೇ ಅದನ್ನ ಒಡೆದು ಹಾಕ್ತವೆ ಅಜ್ಜಿ. ನಾವು ಆಗಾಗ ಬಂದು ನೀರು ಪರೀಕ್ಷೆ ಮಾಡ್ತೀವಿ,” ಎಂದ ನಿಶಿಗಾಕಿ.

“ಎಷ್ಟು ದಿನ?”

“ದಿನ ಅಲ್ಲ, ಹತ್ತು ವರ್ಷ ಆಗ್ಬಹುದು.”

“ಕಣ್ಣಿಗೆ ಕಾಣದ ಹುಳಗಳು ದುಡಿಯೋದು, ಸಂಬಳ ನೀನು ಎಣಿಸೋದು! ಚೆನ್ನಾಗಿದೆ ಕಣಪ್ಪ.”

ತಮಾಷೆ ಮಾಡಿದಳೇ ಹೊರತು ಅರವತ್ತಾರರ ಫುಸಾಳಿಗೆ ಒಳಗೊಳಗೇ ಭಯ. ಸೋಯಾ ಹಾಲು ಒಡೆಸಲು ಹಾಕುವ ನಿಗರಿ ಎಂಬ ಕಹಿ ಉಪ್ಪುನೀರಿನ ಅಳತೆ ನೀರಿನಿಂದ ನೀರಿಗೆ ಬೇರೆ. ಬಾವಿ ನೀರಿನ ಅಳತೆ ಗೊತ್ತಿದ್ದದ್ದು ಅವಳ ಕೈಗೆ ಮಾತ್ರ; ಸೊಸೆ ಮಿಯೊ ಕೆಲಸ ಕಲಿಯತೊಡಗಿದ್ದು ಬಾವಿ ಬಿಟ್ಟು ನಲ್ಲಿ ನೀರು ಹಿಡಿದ ಮೇಲೆಯೇ. ಬಾವಿ ಶುದ್ಧವಾಗುವ ಮುಂಚೆ ತಾನು ಕಣ್ಣು ಮುಚ್ಚಿದರೆ ಆ ಮನೆಯ ತೋಫು ತನ್ನ ಜೊತೆಗೇ ಹೋಗುತ್ತದೆ.

ವರ್ಷದಿಂದ ವರ್ಷಕ್ಕೆ ನೀರಿನಲ್ಲಿದ್ದ ದ್ರಾವಣದ ಅಂಕಿ ಇಳಿಯುತ್ತ ಬಂತು. ಬೇಸಿಗೆಯ ನಕ್ಷತ್ರ ಹಬ್ಬವಾದ ತನಬಾತದ ದಿನ ಬಾವಿಯ ನೀರೆಲ್ಲ ಎತ್ತಿ, ಒಳಗೋಡೆ ತಿಕ್ಕಿ, ಉಪ್ಪು, ಅಕ್ಕಿಯ ಮದ್ಯ ಸಾಕೆ ಇಟ್ಟು ಕೈಮುಗಿಯುವುದು ಆ ಬೀದಿಯ ಪದ್ಧತಿ. ಏಳು ವರ್ಷ ಹಲ್ಲು ಕಚ್ಚಿ ತಡೆದಿದ್ದ ಫುಸಾ ಎಂಟನೆಯ ವರ್ಷ ತಡೆಯಲಾರದೆ ಪಂಪು ತಂದು ಎರಡು ದಿನ ನೀರೆತ್ತಿ ಬಾವಿ ತೊಳೆದೇಬಿಟ್ಟಳು.

ಮುಂದಿನ ಪರೀಕ್ಷೆಯಲ್ಲಿ ಅಂಕಿ ಜಿಗಿದಿತ್ತು. ನಿಶಿಗಾಕಿ ತಲೆ ಕೆರೆದುಕೊಳ್ಳುತ್ತ ನಿಂತ.

“ನಂದೇ ತಪ್ಪು. ಬಾವಿ ತೊಳೆದೆ,” ಎಂದಳು ಫುಸಾ.

“ಅಯ್ಯೋ ಅಜ್ಜಿ! ಅಷ್ಟು ನೀರೆಳೆದ್ರೆ ಮೇಲೆ ಕಾರ್ಖಾನೆ ಕಡೆ ಇರೋ ಕೆಟ್ಟ ನೀರು ಇತ್ತ ಬರಲ್ವಾ?”

ಅವಳು ನೆಲಕ್ಕೆ ಹಣೆ ತಾಗಿಸಿ ಕ್ಷಮೆ ಕೇಳಿದಳು. ತೊಳೆದದ್ದಕ್ಕೆ ನಾಚಿಕೆಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.

ಮತ್ತೆ ಆರು ವರ್ಷ ಹಿಡಿಯಿತು. ಪ್ರತಿ ತನಬಾತಕ್ಕೆ ಬೆಳಿಗ್ಗೆಯೇ ತಂಗಿಯ ಮನೆಗೆ ಓಡಿಹೋಗುತ್ತಿದ್ದಳು, ಬಾವಿ ಕಣ್ಣಿಗೆ ಬೀಳದಿರಲೆಂದು. ಎಂಬತ್ತು ತುಂಬಿದ ವಸಂತದಲ್ಲಿ ನಿಶಿಗಾಕಿ ಕಾಗದ ತಂದ: ಎರಡು ವರ್ಷದಿಂದ ಅಂಕಿ ಮಿತಿಯೊಳಗಿದೆ, ನೀರು ಬಳಸಬಹುದು.

ಮರುದಿನವೇ ಫುಸಾ ಬಾವಿ ನೀರಿನಲ್ಲಿ ಸೋಯಾ ಅರೆದು ಹಾಲು ಕಾಯಿಸಿ ನಿಗರಿ ಸುರಿದಳು. ತೋಫು ಕಟ್ಟಲಿಲ್ಲ. ಎರಡನೆಯ ದಿನ ಮರಳು ಮರಳಾಯಿತು. ಹದಿನಾಲ್ಕು ವರ್ಷ ನಲ್ಲಿ ನೀರಿಗೆ ಪಳಗಿದ ಕೈ ಹಳೆಯ ಅಳತೆ ಮರೆತಿತ್ತು. ಅವಳು ತೊಟ್ಟಿಯ ಪಕ್ಕ ಕುಸಿದು ಅತ್ತಳು.

“ನೀರು ಬಂತು ಮಿಯೊ, ನನ್ನ ಕೈ ಹೋಯ್ತು.”

“ಬಾವಿಗೆ ಹದಿನಾಲ್ಕು ವರ್ಷ ಕೊಟ್ರಿ, ನಂಗೆ ನಾಲ್ಕು ದಿನ ಕೊಡಲ್ವಾ ಅತ್ತೆ?” ಎಂದು ಸೊಸೆ ಸೌಟು ಕಸಿದುಕೊಂಡಳು.

ಮಿಯೊ ಒಂದು ದಿನ ಕೆಡಿಸಿದಳು, ಮರುದಿನವೂ ಕೆಡಿಸಿದಳು. ಫುಸಾ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು ಸುಮ್ಮನೆ ಕೂತಿದ್ದಳು. ಮೂರನೆಯ ಬೆಳಿಗ್ಗೆ ತೋಫು ಕಟ್ಟಿತು. ಫುಸಾ ಬಿಸಿ ತುಂಡೊಂದನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ.

“ಇದೇ ಕಣೇ,” ಎಂದಳು.