ಕೇದಾರನ ಮಾತಿನ ಡಬ್ಬಿ

ಮಾರ್ತಾಂಡರಾಯರನ್ನು ನೆನೆದರೆ ನನಗೆ ಇವತ್ತಿಗೂ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಅವರ ಮೇಲಂತೂ ಅಲ್ಲ. ಪುಣೆಯ ಸದಾಶಿವ ಪೇಠದ ಒಂದು ಹಳೆಯ ವಾಡೆಯಲ್ಲಿ ನಾವಿಬ್ಬರೂ ಗೋಡೆಗೆ ಗೋಡೆ ಹಚ್ಚಿ ಅಂಗಡಿ ಇಟ್ಟವರು. ನನ್ನದು ಝೆರಾಕ್ಸ್, ಅವರದು ಕಂಪ್ಯೂಟರ್ ರಿಪೇರಿ. ಅವರ ಅಂಗಡಿಯ ಹಿಂದೆಯೇ ಎರಡು ಖೋಲಿಯ ಮನೆ. ಹೆಂಡತಿ ರಂಗೂಬಾಯಿ, ಒಬ್ಬನೇ ಮಗ ಕೇದಾರ.

ರಾಯರು ಬೈಲಹೊಂಗಲದವರು. ಟೈಪ್‌ರೈಟರ್ ರಿಪೇರಿ ಮಾಡುತ್ತ ಪುಣೆಗೆ ಬಂದವರು. ತೊಂಬತ್ತರ ಸುಮಾರಿಗೆ ಟೈಪ್‌ರೈಟರುಗಳು ಅಟ್ಟ ಸೇರತೊಡಗಿದಾಗ ಆ ಕಸುಬಿನ ಉಳಿದವರು ಹಣೆಹಣೆ ಬಡಿದುಕೊಂಡರು. ಇವರು ಒಂದು ಕೆಟ್ಟ ಕಂಪ್ಯೂಟರ್ ತಂದು ಬಿಚ್ಚಿ, ಚಾಪೆಯ ಮೇಲೆ ಹರವಿ ಕೂತರು. ಊರಿಗೊಂದು ದಾರಿಯಾದರೆ ಯಡವಟ್ಟನಿಗೊಂದು ದಾರಿ ಎಂದು ನಾನು ನಕ್ಕಿದ್ದೆ. ಎರಡು ವರ್ಷದಲ್ಲಿ ಕೋಚಿಂಗ್ ಕ್ಲಾಸಿನವರು, ವಕೀಲರು, ಪಂಚಾಂಗದವರು, ಎಲ್ಲರೂ ಸ್ಕೂಟರಿನ ಹಿಂದೆ ಕಂಪ್ಯೂಟರಿನ ಡಬ್ಬಿ ಕಟ್ಟಿಕೊಂಡು ಅವರ ಬಾಗಿಲಿಗೇ ಬರುವಂತಾಯಿತು.

ಬರುತ್ತಿದ್ದ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ. ಗೆಳೆಯನ ಮನೆಯಲ್ಲಿ ಓಡುವ ಪ್ರೋಗ್ರಾಂ ಇಲ್ಲಿ ಓಡುವುದಿಲ್ಲ. ಹೊಸ ಕಾರ್ಡ್ ಕೂಡಿಸಿದ ಮೇಲೆ ಹಳೆಯ ಪ್ರಿಂಟರ್ ಸತ್ತಿದೆ. ರಾಯರು ಮುಚ್ಚಳ ತೆಗೆದು ಕಾರ್ಡುಗಳ ಮೇಲಿನ ಜೋಳದ ಕಾಳಿನಷ್ಟು ಸಣ್ಣ ಟೊಪ್ಪಿಗೆಗಳನ್ನು, ಅವಕ್ಕೆ ಜಂಪರು ಎಂದು ಹೆಸರು, ಚಿಮಟದಿಂದ ಅತ್ತ ಕಿತ್ತು ಇತ್ತ ಹಾಕುತ್ತಿದ್ದರು.

"ಒಳಗ ಎಲ್ಲಾ ಛೊಲೋವನ ಇರ್ತಾವ್ರಿ ದಿಗಂಬರರಾವ್. ಕೂಡಿ ಇರ್ಲಿಕ್ಕೆ ಒಲ್ಲವು, ಅಷ್ಟ. ನಮ್ಮ ಅಣ್ಣತಮ್ಮಂದಿರಂಗ," ಎನ್ನುತ್ತಿದ್ದರು.

ಅವರು ನನಗೆ ತಿಳಿಸಿ ಹೇಳಿದ್ದು ಹೀಗೆ. ಡಬ್ಬಿಯೊಳಗಿನ ಪ್ರತಿಯೊಂದು ಭಾಗವೂ ಯಜಮಾನನನ್ನು, ಎಂದರೆ ನಡುವಿನ ಮುಖ್ಯ ಚಿಪ್ಪನ್ನು, ಕರೆಯಲು ಒಂದೊಂದು ನಂಬರು ಹಿಡಿದು ಕೂತಿರುತ್ತದೆ. ಎರಡು ಭಾಗಗಳು ಒಂದೇ ನಂಬರು ಹಿಡಿದರೆ ಯಾರು ಕರೆದರೋ ಯಜಮಾನನಿಗೆ ತಿಳಿಯುವುದಿಲ್ಲ. ಆಗ ಒಂದೋ ಎಲ್ಲ ಸ್ತಬ್ಧವಾಗುತ್ತದೆ, ಇಲ್ಲವೇ ಒಂದೇ ಕೆಲಸ ಮತ್ತೆ ಮತ್ತೆ ಆಗುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ನಂಬರಿನ ಜಗಳ. ಜಂಪರಿನ ಜಾಗ ಬದಲಿಸಿದರೆ ನಂಬರೂ ಬದಲಾಗಿ ಜಗಳ ಬಗೆಹರಿಯುತ್ತಿತ್ತು.

ಕೇದಾರ ಹುಟ್ಟುವಾಗ ಉಸಿರು ಸಿಗದೆ ಕೈಕಾಲು ಸೊರಗಿದ ಹುಡುಗ. ಮಾತಿಲ್ಲ, ಕತ್ತು ನಿಲ್ಲದು, ಮುಖ ಸದಾ ಸೊಟ್ಟಗಾಗುತ್ತಿತ್ತು. ಬುದ್ಧಿ ಮಾತ್ರ ಚುರುಕು. ಕೇಳಿದ್ದಕ್ಕೆ ಹೌದು ಎನ್ನಲು ಕಣ್ಣು ಮುಚ್ಚುತ್ತಿದ್ದ, ಒಲ್ಲೆ ಎನ್ನಲು ಕಣ್ಣು ಮೇಲೆತ್ತುತ್ತಿದ್ದ. ನಾನು ಗಿರಾಕಿಗಳ ಅಣಕ ಮಾಡಿದರೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ. ಅವನ ಕೈಕಾಲುಗಳಲ್ಲಿ ಹೇಳಿದ ಮಾತು ಕೇಳುವ ಅಂಗ ಒಂದೇ, ಬಲಗಾಲಿನ ಮೊಣಕಾಲು. ಅದನ್ನು ನೆಚ್ಚಿಕೊಂಡೇ ರಾಯರು ತೊಂಬತ್ಮೂರರಲ್ಲಿ ಅವನಿಗೊಂದು ಮಾತಿನ ಡಬ್ಬಿ ಕಟ್ಟಿದರು.

ಪರದೆಯ ಮೇಲೆ ಚೌಕಗಳಲ್ಲಿ ಚಿತ್ರಗಳು: ಲೋಟ, ತಟ್ಟೆ, ಫ್ಯಾನು, ಹಾಸಿಗೆ. ಬೆಳಕಿನ ಅಂಚು ಒಂದರಿಂದ ಇನ್ನೊಂದಕ್ಕೆ ಸಾವಕಾಶ ಸರಿಯುತ್ತಿತ್ತು. ಬೇಕಾದ ಚಿತ್ರ ಬಂದಾಗ ಕೇದಾರ ಮೊಣಕಾಲಿನಿಂದ ಒಂದು ಗುಂಡಿ ಒತ್ತಬೇಕು, ಡಬ್ಬಿ ಆ ಮಾತು ಆಡಬೇಕು. ಗುಂಡಿ ಎಂದರೆ ಹಲಗೆಗೆ ಬಡಿದ ಮನೆಯ ಕರೆಗಂಟೆಯ ಗುಂಡಿಯೇ. ಅದನ್ನು ಹಾಗೇ ಒತ್ತಿ ಹಿಡಿದರೆ ಚಿತ್ರಗಳ ಗೊಡವೆಯಿಲ್ಲದೆ ಅಪ್ಪನನ್ನು ಕರೆಯುವ ಮಾತು ಬರುತ್ತಿತ್ತು.

ಮಾತುಗಳನ್ನೆಲ್ಲ ಆಡಿದವಳು ರಂಗೂಬಾಯಿ. ಮೈಕಿನ ಮುಂದೆ ಸೆರಗು ಸರಿಮಾಡಿಕೊಂಡು, ನೀರು, ಊಟ, ಗಾಳಿ ಹಚ್ಚು, ಮಲಗಿಸು, ಆರಾಮ ಅದ ಎಂದು ಒಂದೊಂದಾಗಿ ಹೇಳಿದಳು. ನನ್ನನ್ನು ಕರೆ ನೋಡೋಣ ಎಂದು ರಾಯರು ಅಂದಾಗ ರೂಢಿಯ ಪ್ರಕಾರ ಅವಳ ಬಾಯಿಂದ ಬಂದದ್ದು, "ಏನ್ರಿ, ಸ್ವಲ್ಪ ಇಲ್ಲೆ ಬರ್ರಿ." ಮಗ ಅಪ್ಪನನ್ನು ಹೀಗೆ ಕರೆಯುತ್ತಾನೆಯೇ ಎಂದು ನಾವೆಲ್ಲ ನಕ್ಕೆವು. ಕೇದಾರನಂತೂ ಕುರ್ಚಿಯಿಂದ ಜಾರುವಷ್ಟು ನಕ್ಕ. ಹಾಗೇ ಇರಲಿ ಎಂದು ರಾಯರು ಅದನ್ನು ಉಳಿಸಿದರು.

ನೋವು ಎನ್ನುವ ಮಾತು ಬಂದಾಗ ಮಾತ್ರ ರಂಗೂಬಾಯಿ ಬಾಯಿ ಮುಚ್ಚಿದಳು.

"ನಾ ಒಲ್ಲೆ. ಮನ್ಯಾಗ ವಾಸ್ತು ದೇವರು ಕೂತು ತಥಾಸ್ತು ಅಂತಿರ್ತಾನ. ಬ್ಯಾನಿ, ತ್ರಾಸು ಅಂತ ಈ ಡಬ್ಬಿ ದಿನಾ ಅಂದ್ರ ಮನಿ ಉದ್ಧಾರ ಆಗ್ತದೇನು?"

"ಹಂಗಲ್ಲ, ಅವಗ ನೂಸಿದ್ರ ಹೆಂಗ ಹೇಳಬೇಕು?" ಎಂದರು ರಾಯರು.

"ಅವನ ಮಾರಿ ನೋಡಿದ್ರ ನನಗ ತಿಳೀತದ. ಡಬ್ಬಿ ಯಾಕ ಹೇಳಬೇಕು?"

ಅವಳದು ಮೌಢ್ಯ ಎಂದು ಈಗ ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಅಕ್ಕಿ ತೀರಿದರೆ ತೀರಿತು ಎನ್ನದೆ ಹೆಚ್ಚಾಯಿತು ಎನ್ನುವವರು, ಹೊರಡುವಾಗ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವವರು ನಾವು. ನಮ್ಮವ್ವನೂ ಹಾಗೆಯೇ ಇದ್ದಳು. ಮೇಲಾಗಿ ರಂಗೂಬಾಯಿ ಹೇಳಿದ್ದು ನಿಜವೂ ಆಗಿತ್ತು. ಆ ಸೊಟ್ಟ ಮುಖದಲ್ಲಿ ಯಾವುದು ನಗು, ಯಾವುದು ಹಟ, ಯಾವುದು ಹಲ್ಲುನೋವು ಎಂದು ಅವಳಿಗೆ ಒಲೆಯ ಮುಂದಿನಿಂದಲೇ ತಿಳಿಯುತ್ತಿತ್ತು.

ಡಬ್ಬಿಯ ಮೊದಲ ದಿನಗಳಲ್ಲೇ ನಂಬರಿನ ಜಗಳ ಎದ್ದಿತು. ಕೇದಾರ ಒಮ್ಮೆ ಗುಂಡಿ ಒತ್ತಿದರೆ ಡಬ್ಬಿ ನೀರು, ನೀರು, ನೀರು ಎಂದು ನಿಲ್ಲದೆ ಒದರುತ್ತಿತ್ತು. ರಂಗೂಬಾಯಿ ಹೆದರಿ ಚರಿಗೆಯನ್ನೇ ತಂದು ಮುಂದಿಟ್ಟಳು. ಧ್ವನಿಯ ಕಾರ್ಡೂ ಪ್ರಿಂಟರೂ ಒಂದೇ ನಂಬರು ಹಿಡಿದಿವೆ ಎಂದು ರಾಯರು ಕಂಡುಹಿಡಿದು, ಜಂಪರ್ ಬದಲಿಸಿ ಸರಿಮಾಡಿದರು. ಒಂದೇ ಮಾತು ಮತ್ತೆ ಮತ್ತೆ ಬಂದರೆ ಅದು ಇದೇ ರೋಗ ಎಂದು ಅವರ ತಲೆಯಲ್ಲಿ ಆಗ ಕೂತಿತು.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ರಂಗೂಬಾಯಿ ಕಾಮಾಲೆಯಾಗಿ ಹೋದಳು. ನಾನು ಕಂಡ ಎಷ್ಟೋ ಸಾವುಗಳಲ್ಲಿ ಆ ಸಾವಿಗೆ ಮಾತ್ರ ಹಿಂದೆ ದನಿ ಉಳಿಯಿತು. ಹನ್ನೆರಡನೆಯ ದಿನದ ಊಟ ಮುಗಿಸಿ ಎಲೆ ಎತ್ತುತ್ತಿದ್ದಾಗ ಒಳಖೋಲಿಯಿಂದ, "ಏನ್ರಿ, ಸ್ವಲ್ಪ ಇಲ್ಲೆ ಬರ್ರಿ," ಎಂದು ಕೇಳಿಸಿತು. ನೆಂಟರು ಬೆಚ್ಚಿಬಿದ್ದರು. ರಾಯರು ಎಲೆ ಬಿಟ್ಟು ಓಡಿದರು. ಆಮೇಲಿನ ವರ್ಷಗಳಲ್ಲೂ ಅವರು ಹಾಗೆಯೇ ಓಡುತ್ತಿದ್ದರು. ಗಿರಾಕಿ ಮಾತಿನ ನಡುವೆ ಇದ್ದರೂ ಸರಿ, ಕೈಯಲ್ಲಿ ಕಾಯ್ದ ಬೆಸುಗೆಯ ಕಡ್ಡಿಯಿದ್ದರೂ ಸರಿ. ಬರೀ ಮಗನಿಗಾಗಿ ಓಡುತ್ತಿದ್ದರು ಎಂದು ನಾನು ನಂಬುವುದಿಲ್ಲ.

ಎರಡು ವರ್ಷದ ಮೇಲೆ ಡಬ್ಬಿಯ ತಾಯಿಹಲಗೆ, ಎಂದರೆ ಎಲ್ಲ ಕಾರ್ಡುಗಳೂ ಕೂರುವ ದೊಡ್ಡ ಹಲಗೆ, ಸುಟ್ಟಿತು. ಹೊಸ ಕಂಪ್ಯೂಟರುಗಳಲ್ಲಿ ಆ ಹಳೆಯ ಧ್ವನಿ ಕಾರ್ಡು ಕೂರಲು ಸಂದೇ ಇಲ್ಲ. ಹಳೆಯ ಸಂದು ಇದ್ದ ಒಂದನ್ನು ತಂದು ಕೂಡಿಸಿದರೆ ಅದರ ಓಟ ವಿಪರೀತ. ಬೆಳಕಿನ ಅಂಚು ಚಿತ್ರಗಳ ಮೇಲೆ ಹಾರಿಹೋಗಿ, ಕೇದಾರ ನೀರಿಗೆ ಒತ್ತಿದರೆ ಹಾಸಿಗೆ ಬೀಳುತ್ತಿತ್ತು. ಲೋಕವೆಲ್ಲ ಚುರುಕು ಯಂತ್ರ ಹುಡುಕುತ್ತಿದ್ದಾಗ ಇವರೊಬ್ಬರು ಜುನಾ ಬಜಾರಿನ ಗುಜರಿಯಲ್ಲಿ ಕೂತು ನಿಧಾನದ ಯಂತ್ರ ಹುಡುಕುತ್ತಿದ್ದರು. ಆ ತಿಂಗಳುಗಳಲ್ಲಿ ಹುಡುಗ ಮೂಕನಾಗಿದ್ದ, ಬಡಕಲಾದ.

ಅದೇ ಹೊತ್ತಿಗೆ ಸಪ್ನಾ ಬಂದಳು. ಗದಗಿನ ಹುಡುಗಿ, ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ವಾಕಡದಲ್ಲಿ ಮನೆ. ಕನ್ನಡ ಸಂಘದಲ್ಲಿ ಪರಿಚಯವಾಗಿ ರಾಯರ ಮನೆಗೆ ಬರತೊಡಗಿದ್ದಳು. ಎಲ್ಲವನ್ನೂ ನೋಡಿ, ಕೇದಾರನ ಪಕ್ಕ ಕೂತು ಹೇಳಿದಳು.

"ಕಾಕಾ, ನಾ ಹೊಸಾ ಪ್ರೋಗ್ರಾಂ ಬರದು ಕೊಡ್ತೇನ್ರಿ. ಕೇದಾರ ಬೇಕಾದ್ದೆಲ್ಲಾ ಹೇಳಬಹುದು. ಮಾತು ಮಾತ್ರ ಹೊಸದಾಗಿ ರೆಕಾರ್ಡ್ ಮಾಡಬೇಕಾಗ್ತದ. ಇದರಾಗ ನೋವು ಅನ್ನೂ ಮಾತ ಇಲ್ಲಲ್ರಿ?"

"ಆಕಿ ಒಲ್ಲೆ ಅಂದಿದ್ಲು," ಎಂದರು ರಾಯರು.

"ಅದೊಂದು ಮಾತು ನಾನಽ ಹೇಳಲೇನ್ರಿ?"

"ಬ್ಯಾಡವ್ವಾ. ಆಕಿ ದನಿ ನಡುವ ಇನ್ನೊಬ್ಬರ ದನಿ ಬರೂದು ಬ್ಯಾಡ."

ನನ್ನ ದನಿ ಹಾಕಿರಿ ಎಂದು ನಾನೂ ಹೇಳಿದೆ. ನಿಮ್ಮ ದನಿ ಕೇಳಿದರೆ ಹುಡುಗ ಹೆದರುತ್ತಾನೆ ಎಂದು ನಗಿಸಿ ಜಾರಿಕೊಂಡರು. ಕೊನೆಗೆ ಹೇಗೋ ಓಟ ತಗ್ಗಿಸುವ ಉಪಾಯ ಹೂಡಿ ಹಳೆಯ ಮಾತುಗಳನ್ನೇ ಆ ಯಂತ್ರದಲ್ಲಿ ಆಡಿಸಿದರು. ಜಗಳಗಂಟ ಸಂಸಾರ ಅದು. ಇವತ್ತು ಸರಿ, ನಾಳೆ ಮತ್ತೆ ಒಂದೇ ಮಾತು ಒದರುವುದು. ರಾಯರು ಬಿಚ್ಚುವುದು, ಜಂಪರ್ ಬದಲಿಸುವುದು, ಮುಚ್ಚುವುದು.

ಎರಡು ಸಾವಿರದ ಮೂರರ ಗಣಪತಿ ಹಬ್ಬದ ದಿನಗಳು. ಗಲ್ಲಿಯ ಮಂಟಪದಲ್ಲಿ ಬೆಳಗಿನಿಂದ ಹಾಡು ಹಚ್ಚಿದ್ದರು, ನನ್ನ ಅಂಗಡಿಯಲ್ಲಿ ಎದುರು ನಿಂತವರ ಮಾತೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಚಹಾ ಹಿಡಿದು ಒಳಗೆ ಹೋದೆ. ರಾಯರು ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದ್ದರು. ಕಾರ್ಡು ಒಂದು ಕಡೆ, ತಿರುಪುಗಳು ತಾಟಿನಲ್ಲಿ.

"ಮುಂಜಾನಿಂದ ಅದಽ ರಾಮಾಯಣ ನೋಡ್ರಿ," ಎಂದರು. "ಏನ್ರಿ ಬರ್ರಿ, ಏನ್ರಿ ಬರ್ರಿ, ನಿಂದ್ರೂದಽ ಇಲ್ಲ. ಹೋಗಿ ಕೇಳಿದೆ. ನೀರು? ಒಲ್ಲೆ ಅಂದ. ಊಟ? ಒಲ್ಲೆ. ಗಾಳಿ? ಮಲಗ್ತೀ? ಎಲ್ಲಾದಕ್ಕೂ ಒಲ್ಲೆ ಅಂತ ಕಣ್ಣು ಮ್ಯಾಲೆತ್ತಿದ. ಅಂದ ಮ್ಯಾಲೆ ಇಂವ ಕರದೇ ಇಲ್ಲ, ನಂಬರಿನ ಜಗಳನ ಇದು."

ನಾನು ಕೇದಾರನ ಕಡೆ ನೋಡಿದೆ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮುಖ ಸೊಟ್ಟಗಾಗಿತ್ತು, ಅದು ಯಾವಾಗಲೂ ಹಾಗೆಯೇ. ಮೊಣಕಾಲು ಮಾತ್ರ ಹಲಗೆಯನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತಿ ಹಿಡಿಯುತ್ತಿತ್ತು. ಗುಂಡಿಯ ವೈರು ಕಿತ್ತು ನೆಲದ ಮೇಲೆ ಬಿದ್ದಿತ್ತು.

"ಹುಡುಗನ ಮಾರಿ ಯಾಕೋ ಸರಿ ಕಾಣವಲ್ದು," ಎಂದೆ.

"ಡಬ್ಬಿ ಬಂದ್ ಮಾಡೇನಲ್ರಿ, ಸಿಟ್ಟಿಗೆದ್ದಾನ. ಒಂದೀಟು ತಡಿಯಪಾ ಕೇದಾರ, ಆತು ಆತು."

ಅವರು ಜಂಪರ್ ಹಾಕಿ ಮುಗಿಸುವ ಮೊದಲೇ ಹುಡುಗ ಹಸಿರು ಬಣ್ಣದ ವಾಂತಿ ಮಾಡಿಕೊಂಡ. ಮಂಟಪದ ಜನರನ್ನು ಸರಿಸಿ ರಿಕ್ಷಾ ತರುವುದಕ್ಕೇ ನನಗೆ ಹೊತ್ತು ಹಿಡಿಯಿತು. ಕರುಳು ತೊಡರಿಕೊಂಡು ಒಳಗೇ ಕೊಳೆತಿದೆ, ಮುಂಜಾನೆಯೇ ತರಬೇಕಿತ್ತು ಎಂದರು ಡಾಕ್ಟರು. ಇಷ್ಟು ನೋವಿನಲ್ಲಿ ಅವನು ಸುಮ್ಮನೆ ಇದ್ದನೆ ಎಂದೂ ಕೇಳಿದರು. ಆಪರೇಷನ್ ಆಯಿತು, ಹುಡುಗನಿಗೆ ಮತ್ತೆ ಎಚ್ಚರವಾಗಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗ.

ಲೋಟ, ತಟ್ಟೆ, ಫ್ಯಾನು, ಹಾಸಿಗೆ. ಪರದೆಯ ಮೇಲೆ ಇದ್ದುದನ್ನೇ ಅವರು ಕೇಳಿದ್ದರು. ನೂಸುತ್ತದೆಯೇ ಎಂದು ಕೇಳಿದ್ದರೆ ಹುಡುಗ ಹೌದು ಎನ್ನುತ್ತಿದ್ದ. ಹತ್ತು ವರ್ಷ ಆ ಪರದೆಯ ಮುಂದೆ ಕೂತು ಅವರಿಗೂ ಅಷ್ಟೇ ಮಾತು ಉಳಿದಿದ್ದವು. ಇದನ್ನು ಯೋಚಿಸಿದರೆ ನನಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಅವರಿಗೆ ಹೇಗೆ ಹತ್ತೀತು?

ಕರ್ಮಾಂತರ ಮುಗಿದ ಮೇಲೆ ರಾಯರು ಅಂಗಡಿ ತೆರೆದರು, ಗಿರಾಕಿಯ ಕೆಲಸ ಮಾತ್ರ ಮುಟ್ಟಲಿಲ್ಲ. ಮಗನ ಡಬ್ಬಿ ಎದುರಿಗಿಟ್ಟುಕೊಂಡು ಕಾರ್ಡು ಕಿತ್ತು ಹಾಕುವುದು, ಗುಂಡಿ ಒತ್ತುವುದು, ಬೇರೆ ನಂಬರು ಕೊಟ್ಟು ಮತ್ತೆ ಒತ್ತುವುದು, ದಿನವಿಡೀ ಇದೇ. ಹೆಂಡತಿಯ ದನಿ ಗೋಡೆಯಾಚೆ ನನ್ನ ಅಂಗಡಿಗೂ ಬರುತ್ತಿತ್ತು. ನನಗೆ ತಾಳಲಾಗದೆ ಝೆರಾಕ್ಸ್ ಯಂತ್ರವನ್ನು ಸುಮ್ಮನೆ ಓಡಿಸುತ್ತಿದ್ದೆ. ಜೀವನವಿಡೀ ದೋಷ ಕಳೆದವರು ಈಗ ಒಂದು ದೋಷ ಸಿಗಲಿ ಎಂದು ಹುಡುಕುತ್ತಿದ್ದಾರೆ ಎಂದು ನನಗೆ ತಡವಾಗಿ ಹೊಳೆಯಿತು.

ಸಪ್ನಾ ಬಂದಾಗ ಬಾಗಿಲಲ್ಲೇ ತಡೆದು, ಏನಾದರೂ ಒಂದು ದೋಷ ಇತ್ತು ಎಂದು ಹೇಳಿಬಿಡು ತಾಯಿ ಎಂದು ಬೇಡಿಕೊಂಡೆ. ಅವಳು ಒಳಗೆ ಹೋಗಿ ಡಬ್ಬಿಯ ಮುಂದೆ ಕೂತಳು, ಬಹಳ ಹೊತ್ತು ನೋಡಿದಂತೆ ಮಾಡಿದಳು. ಆಮೇಲೆ ಅವರ ಕೈ ಹಿಡಿದುಕೊಂಡು ಹೇಳಿದಳು.

"ಹೌದ್ರಿ ಕಾಕಾ. ಜಗಳ ಇತ್ತ್ರಿ. ಯಾರಿಗಾದ್ರೂ ಹಂಗಽ ಅನಸ್ತಿತ್ತು."

ರಾಯರು ಅವಳ ತಲೆ ಸವರಿದರು.

"ಇಲ್ಲವ್ವಾ. ನಾ ಎಲ್ಲಾ ನೋಡೇನಿ. ಆವತ್ತು ಅದರಾಗ ಏನೂ ಕೆಟ್ಟಿದ್ದಿಲ್ಲ. ಅಂವಽ ನನ್ನ ಕರೀಲಿಕ್ಕೆ ಹತ್ತಿದ್ದ."