ರಟ್ಟಿನ ಸೇತುವೆಯ ಮೂವತ್ತೆಂಟನೇ ಹೆಜ್ಜೆ

ಬೆಳಗಿನ ಆರೂವರೆ. ಶಾಲೆಯ ಗೇಟು ಇನ್ನೂ ಅರ್ಧವೇ ತೆರೆದಿದೆ. ಐದನೇ ತರಗತಿಯ ಕೋಣೆಯಲ್ಲಿ ಬೆಂಚುಗಳೆಲ್ಲ ಗೋಡೆಗೆ ಒರಗಿವೆ. ನಡುವಿನ ಖಾಲಿ ನೆಲದಲ್ಲಿ ಒಬ್ಬ ಹೆಂಗಸು ಮಂಡಿಯೂರಿ, ಸಾಬೂನಿನ ಪೆಟ್ಟಿಗೆಗಳಿಂದ ಕತ್ತರಿಸಿದ ರಟ್ಟಿನ ತುಂಡುಗಳನ್ನು ಬಾಗಿಲಿನಿಂದ ಕಿಟಕಿಯವರೆಗೆ ಸಾಲಾಗಿ ಇಡುತ್ತಿದ್ದಾರೆ. ಪ್ರತಿಯೊಂದರ ಮೇಲೂ ಒಂದು ಚಿತ್ರ: ಏಣಿ, ಮೋಡ, ಬಾಚಣಿಗೆ, ದಿಂಬು. ಬೆಳಕು ಇನ್ನೂ ನೆಲ ಮುಟ್ಟಿಲ್ಲ. ಆ ಮಬ್ಬಿನಲ್ಲಿ ರಟ್ಟುಗಳು ನೀರಿನ ಮೇಲೆ ತೇಲುತ್ತಿರುವಂತೆ ಕಾಣುತ್ತವೆ.

ಮಕ್ಕಳ ಬಾಯಲ್ಲಿ ಇವರು ‘ರಟ್ಟಿನ ಮಿಸ್’. ಈ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ತೊಡಗಿ ಹತ್ತೊಂಬತ್ತು ವರ್ಷ. ಮೊದಲ ಏಳು ವರ್ಷ ಕೂಗಿ ಕಲಿಸಿದರು, ಆಮೇಲಿನ ಹನ್ನೆರಡು ವರ್ಷ ಆಡಿಸಿ. ದಿನಕ್ಕೆ ಆರು ಹೊಸ ಪದ, ತರಗತಿಯಲ್ಲಿ ಮೂವತ್ತೆಂಟು ಮಕ್ಕಳು, ಬೀರುವಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಟ್ಟು. ಹುದ್ದೆ ಮಾತ್ರ ಇವತ್ತಿಗೂ ತಾತ್ಕಾಲಿಕ.

“ಕೂಗಿ ಕೂಗಿ ಗಂಟಲಲ್ಲಿ ಗಂಟಾಯ್ತು. ಆಪರೇಷನ್ ಆದ್ಮೇಲೆ ಎರಡು ತಿಂಗಳು ಬಾಯಿ ತೆರೆಯೋ ಹಾಗಿರ್ಲಿಲ್ಲ. ನಮ್ಮನೆಯವರು ಬಸ್ ಡ್ರೈವರು. ‘ಇಷ್ಟು ವರ್ಷಕ್ಕೆ ಮನೇಲಿ ಹಾರ್ನ್ ನಿಂತಿತು’ ಅಂದ್ರು” ಎಂದು ನಗುತ್ತಾರೆ. ದನಿ ಈಗಲೂ ಒಣ ಎಲೆ ಸರಿದಷ್ಟೇ ಮೆಲ್ಲಗೆ. ಆ ಹಾರ್ನಿನ ಯಜಮಾನರೇ ದಾರಿಯ ಅಂಗಡಿಗಳಿಂದ ರಟ್ಟು ಕೇಳಿ ತರುತ್ತಾರೆ.

ಆ ಎರಡು ತಿಂಗಳಲ್ಲಿ ಅವರಿಗೆ ಒಂದು ಸಂಗತಿ ಕಂಡಿತ್ತು. ಮಾತಾಡದವರ ಎದುರು ಜನ ಅವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡುತ್ತಾರೆ.

ಶಾಲೆಗೆ ಮರಳಿದಾಗ, ಕೂಗುವ ಬದಲು ಮೊದಲು ಬಂದದ್ದು ಓಟದ ಆಟ. ಎರಡು ತಂಡ, ಓಡಿಹೋಗಿ ರಟ್ಟು ಎತ್ತಿಕೊಂಡು, ಚಿತ್ರಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಹೇಳಿದರೆ ಒಂದು ಅಂಕ. ಮಕ್ಕಳು ಪಟಪಟನೆ ಕಲಿತರು. “ಏನ್ ಮಿಸ್, ಪಾಠಾನೋ ಸಂತೇನೋ?” ಎಂದು ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಇಣುಕಿದ್ದೂ ಉಂಟು.

ಈ ವರ್ಷ ಅದೇ ಓಟದಲ್ಲಿ ಒಂದು ತಪ್ಪಾಯಿತು. ಎರಡೂ ತಂಡ ಸಮಸಮ ಇದ್ದಾಗ ಕೊನೆಯ ರಟ್ಟು ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಕೈಗೆ ಬಂತು. ದಿಂಬಿನ ಚಿತ್ರ. ಮಿಸ್ ಬೆರಳು ಮಡಿಸುತ್ತ ಹತ್ತರವರೆಗೆ ಎಣಿಸಿದರು. ಅವಳ ತುಟಿ ಅಲುಗಲಿಲ್ಲ. ‘ಪಟಾಕಿ’ ಎಂದೇ ಹೆಸರಾದ ತಂಡದ ನಾಯಕಿ, “ನಿನ್ನಿಂದಾನೇ ಕಣೇ ಸೋತಿದ್ದು, ಬೊಂಬೆ!” ಎಂದು ಸಿಡಿದಳು. ಅಂದಿನಿಂದ ಆ ಹುಡುಗಿ ಈ ಕೋಣೆಯಲ್ಲಿ ಬಾಯಿ ತೆರೆದಿಲ್ಲ. ಮೂರು ತಿಂಗಳಾಯಿತು.

“ಪಟಾಕಿದೇನೂ ತಪ್ಪಿಲ್ಲ. ಎಣಿಸಿದ್ದು ನಾನು” ಎನ್ನುತ್ತಾರೆ ಮಿಸ್, ರಟ್ಟಿನ ಅಂಚು ಸವರುತ್ತ. “ಆ ಹುಡುಗಿ ಮನೇಲಿ ಅರಳು ಹುರಿದ ಹಾಗೆ ಮಾತಾಡ್ತಾಳಂತೆ. ಇಲ್ಲಿ ಹೀಗೇ ಇದ್ರೆ ಬೇರೆ ಶಾಲೆಗೆ ಹಾಕ್ತೀನಿ ಅಂತ ಅವಳ ಅಮ್ಮ ಹೇಳಿ ಹೋಗಿದ್ದಾರೆ. ಈ ವಾರ ನೋಡ್ತಾರಂತೆ, ಅಷ್ಟೇ.”

ಸೇತುವೆ ಹುಟ್ಟಿದ್ದು ಅವಳಿಗಾಗಿ. ಇದರಲ್ಲಿ ತಂಡಗಳಿಲ್ಲ. ಪ್ರತಿ ಮಗುವಿಗೂ ಒಂದು ರಟ್ಟು. ಅದರ ಮೇಲೆ ನಿಂತು ಪದ ಹೇಳಿದರೆ ದಾಟಿದಂತೆ. ತಡವರಿಸಿದರೆ ಉಳಿದವರು ಅಭಿನಯಿಸಿ ನೆನಪಿಸಬಹುದು, ಹೇಳಿಕೊಡುವಂತಿಲ್ಲ. ಪೈಪೋಟಿ ತಮ್ಮದೇ ನಿನ್ನೆಯ ಲೆಕ್ಕದೊಂದಿಗೆ. ಎರಡು ಬಾಟಲಿಗಳ ಬಾಯಿ ಜೋಡಿಸಿದ ಮರಳು ಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಜನ ದಾಟಿದರೆಂಬುದು ಬೋರ್ಡಿನ ಮೂಲೆಗೆ ಏರುತ್ತದೆ. ಮೂರು ವಾರದಿಂದ ಅಲ್ಲಿ ಒಂದೇ ಅಂಕಿ: 37.

“ಬೇರೆ ರಟ್ಟು ಕೊಡ್ಲೇನಮ್ಮ ಅಂದೆ. ತಲೆ ಅಲ್ಲಾಡಿಸಿದ್ಳು. ದಿಂಬೇ ಬೇಕಂತೆ.”

ಒಂಬತ್ತೂವರೆಗೆ ಕೋಣೆ ತುಂಬುತ್ತದೆ. ಬಾಟಲಿ ತಿರುಗಿಸುವ ಕೆಲಸ ಈಗ ಪಟಾಕಿಯದು. ಏಣಿ ದಾಟುತ್ತದೆ, ಮೋಡ ದಾಟುತ್ತದೆ. ಬಾಚಣಿಗೆಯ ಹುಡುಗ ತಡವರಿಸಿದಾಗ ಇಡೀ ತರಗತಿ ತಲೆ ಬಾಚಿಕೊಳ್ಳುತ್ತದೆ. “ನಿನ್ನ ತಲೇನ ಒಂದಿನಾನಾದ್ರೂ ಬಾಚಿದ್ರೆ ನೆನಪಿರ್ತಿತ್ತು ಕಣೋ!” ಎಂದು ಯಾರೋ ಚುಡಾಯಿಸುತ್ತಾರೆ. ಮೂವತ್ತೇಳು ಜನ ಕಿಟಕಿ ಸೇರುತ್ತಾರೆ.

ಕೊನೆಗೆ ಅವಳು ದಿಂಬಿನ ಮೇಲೆ ನಿಲ್ಲುತ್ತಾಳೆ. ಮೂವತ್ತೇಳು ಮಕ್ಕಳು ಅಂಗೈ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚುತ್ತಾರೆ. ಕೋಣೆಯೇ ನಿದ್ದೆಗೆ ಜಾರಿದಂತಿದೆ. ಮರಳು ಇಳಿಯುವ ಸದ್ದೂ ಕೇಳುತ್ತದೆ. ಇನ್ನು ಒಂದು ಚಿಟಿಕೆ ಉಳಿದಿದೆ.

ಪಟಾಕಿ ಒಂದು ಕಣ್ಣು ತೆರೆದು, ಮೆಲ್ಲಗೆ ಬಾಟಲಿಯನ್ನು ಅಡ್ಡ ಮಲಗಿಸುತ್ತಾಳೆ. ಮರಳು ನಿಲ್ಲುತ್ತದೆ.

“ಏಯ್, ಮೋಸ ಕಣೇ!” ಪಕ್ಕದವನ ಪಿಸುಮಾತು.

“ಶ್! ಅದೂ ಮಲಗಿದೆ. ಎಬ್ಬಿಸ್ಬೇಡ.”

ದಿಂಬಿನ ಮೇಲೆ ನಿಂತವಳು ಮೊದಲು ಬಾಟಲಿಯನ್ನು, ಆಮೇಲೆ ಪಟಾಕಿಯನ್ನು ನೋಡುತ್ತಾಳೆ. ಎಷ್ಟೋ ಹೊತ್ತು. ಯಾರೂ ಎಣಿಸುವುದಿಲ್ಲ.

“ಪಿಲ್ಲೋ.”

ಒಂದು ಕ್ಷಣ ಮುಚ್ಚಿದ ಕಣ್ಣು ಯಾವುದೂ ತೆರೆಯುವುದಿಲ್ಲ, ಕನಸು ಒಡೆದೀತೆಂಬಂತೆ. ಆಮೇಲೆ ಎದ್ದ ಗದ್ದಲಕ್ಕೆ ಗಣಿತದ ಮೇಷ್ಟ್ರು ಓಡಿ ಬರುತ್ತಾರೆ. ಮಿಸ್ ಬೋರ್ಡಿನ 37 ಅಳಿಸಿ, ಸೀಮೆಸುಣ್ಣವನ್ನು ಆ ಹುಡುಗಿಯ ಕೈಗೇ ಕೊಡುತ್ತಾರೆ.

ಗಂಟೆ ಹೊಡೆದ ಮೇಲೆ, ರಟ್ಟು ಎತ್ತಿಡುತ್ತ ಮಿಸ್ ವರದಿಗೆ ಬಂದವರ ಮುಂದೆ ಒಂದೇ ಒಂದು ಕೋರಿಕೆ ಇಡುತ್ತಾರೆ: “ಬಾಟಲಿ ಅಡ್ಡ ಮಲಗಿಸಿದ್ದನ್ನ ಬರೀಲೇಬೇಕಾ? ನಿಯಮ ಮಾಡಿದವಳೇ ನಾನು. ಬರೆದ್ರೆ ಹೀಗೆ ಬರ್ಕೊಳ್ಳಿ, ಆಗ ಮಿಸ್ ಕಿಟಕಿ ಕಡೆ ನೋಡ್ತಾ ಇದ್ರು.”