ಹೆಡ್ಡಿಗೆ ಹಚ್ಚಿದ ಕುಂಕುಮ

ಸಾಗರದ ನನ್ನ ರಿಪೇರಿ ಅಂಗಡಿಗೆ ಈಗ ಬರುವುದೆಲ್ಲ ಮೊಬೈಲು, ಮಿಕ್ಸಿ. ಅಪರೂಪಕ್ಕೆ ಹಳೇ ಸ್ಪೂಲ್ ಟೇಪ್ ರೆಕಾರ್ಡರ್ ಬಂತೆಂದರೆ ನನಗೆ ಹಬ್ಬ, ಅವತ್ತು ಊಟವೂ ಬೇಡ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕಾರ್ಗಲ್‌ನ ಹಿರಿಯರೊಬ್ಬರು ಅಂಥದ್ದೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ತಂದರು. ಜೊತೆಗೆ ಅವರ ಹೆಂಡತಿ, ಕುತ್ತಿಗೆಗೆ ಸೆರಗು ಸುತ್ತಿಕೊಂಡು ಬಂದಿದ್ದರು.

"ಗಂಟಲು ಆಪರೇಶನ್ ಆದ್ಮೇಲೆ ಇವ್ಳಿಗೆ ಸ್ವರ ಇಲ್ಲ. ಮದ್ವೆಯಾದ ಹೊಸದ್ರಲ್ಲಿ ಹಾಡ್ಸಿ ತುಂಬ್ಸಿದ ಟೇಪ್ ಇದೊಂದೇ ಇರೋದು," ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ಸ್ವರ ಹ್ಯಾಂಗಿತ್ತು ಅಂತ ನಂಗೇ ಮರ್ತು ಹೋಗ್ತಾ ಇದೆ ಮಾರಾಯ್ರೇ," ಎಂದರು.

ಮುಚ್ಚಳ ತೆಗೆದವನಿಗೆ ಮೈಯೆಲ್ಲ ಉರಿದುಹೋಯಿತು. ಟೇಪು ಸವರಿಕೊಂಡು ಹೋಗುವ ಹೆಡ್ಡಿನ ಮೇಲೆ ಕೆಂಪು ಕೆಸರು ಗಟ್ಟಿಯಾಗಿ ಕೂತಿತ್ತು.

"ಯಾರ್ರೀ ಈ ಘನಂದಾರಿ ಕೆಲ್ಸ ಮಾಡಿದ್ದು?" ಎಂದು ಕೂಗಿದೆ.

"ನಾನೇ!" ಎಂದರು ಹಿರಿಯರು ಹೆಮ್ಮೆಯಿಂದ. "ಪ್ರತಿ ಆಯುಧಪೂಜೆಗೂ ಗಂಧ ಕುಂಕುಮ ಹಚ್ತೀನಿ. ಮಾತಾಡೋ ಜಾಗ ಅದೇ ಅಲ್ವಾ? ಚಕ್ರಕ್ಕೆ ಕೊಬ್ಬರಿ ಎಣ್ಣೆನೂ ಬಿಡ್ತೀನಿ."

"ಪೂಜೆ ಮಾಡಿ ಮಾಡೀನೇ ಅದ್ರ ಬಾಯಿ ಕಟ್ಟಿದ್ದೀರಲ್ರೀ ಯಜಮಾನ್ರೇ!"

ಅವರ ಹೆಂಡತಿ ಹಣೆ ಚಚ್ಚಿಕೊಂಡು, ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕರು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಎಣ್ಣೆ ಚಳಿಗೆ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ಬೆಲ್ಟು ಕರಗಿ ಡಾಂಬರಾಗಿ ಬೆರಳಿಗೆಲ್ಲ ಮೆತ್ತಿತು. ಸ್ಪಿರಿಟ್ಟಿನ ಹತ್ತಿಯಲ್ಲಿ ಹೆಡ್ಡು ಒರೆಸಿ ಒರೆಸಿ ಸಾಕಾಯಿತು. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ರೋಲರ್ ಕಲ್ಲಾಗಿತ್ತು, ನಯವಾದ ಮರಳುಕಾಗದದಲ್ಲಿ ತಿಕ್ಕಿದೆ. ಹೊಲಿಗೆ ಮಿಷಿನ್ ಎಣ್ಣೆ ಬಿಟ್ಟು ಹೊಸ ಬೆಲ್ಟು ಹಾಕಿದೆ. ಆ ಒಂದೇ ಟೇಪನ್ನು ಯಂತ್ರ ಜಗಿದುಬಿಟ್ಟರೆ ಏನು ಗತಿ? ಅದಕ್ಕೇ ಮೊದಲು ನನ್ನದೊಂದು ಕೆಲಸಕ್ಕೆ ಬಾರದ ಟೇಪು ಏರಿಸಿ ನೋಡಿದೆ. ಚಕ್ರಗಳು ಚೆಂದವಾಗಿ ತಿರುಗಿದವು. ನಾನು ಒಬ್ಬನೇ ಶಿಳ್ಳೆ ಹೊಡೆದೆ.

ಮುಂದಿನ ವಾರ ಇಬ್ಬರೂ ಬಂದು ಕುಳಿತರು. ಅವರ ಟೇಪು ಹಾಕಿದರೆ, ಅಯ್ಯೋ, ಎಮ್ಮೆ ನರಳಿದಂತೆ ಒಂದು ದನಿ!

"ಯಾರಿದು ಗಂಡಸು?" ಎಂದರು ಹಿರಿಯರು. ಹೆಂಡತಿಯ ಮುಖ ಸಣ್ಣಗಾಯಿತು. ಹಾಳು ಬೆಲ್ಟು ಜಾರಿ ಟೇಪು ನಿಧಾನಕ್ಕೆ ಓಡುತ್ತಿತ್ತು. ಅದಕ್ಕೆ ಶಾಪ ಹಾಕುತ್ತ ಬಿಗಿಯಾದ ಇನ್ನೊಂದನ್ನು ಹಾಕಿ ಮತ್ತೆ ಗುಂಡಿ ಒತ್ತಿದೆ.

ಹಸೆಗೆ ಕರೆಯುವ ಹಾಡು. ಎಳೆಯ, ತಿಳಿಯಾದ ಹೆಣ್ಣುಸ್ವರ. ಹಿರಿಯರು ಕಣ್ಣು ಮುಚ್ಚಿ, ಮೆಲ್ಲಗೆ ಕೈ ಚಾಚಿ ಯಂತ್ರವನ್ನು ಸವರಿದರು.

ಹಾಡು ತಟಕ್ಕನೆ ನಿಂತಿತು. ಟೇಪಿನೊಳಗಿಂದ ಅದೇ ಸ್ವರ ಗದರಿತು: "ಅದನ್ನ ಮುಟ್ಬೇಡಿ ಅಂತ ಎಷ್ಟು ಸಲ ಹೇಳೂದು ನಿಮ್ಗೆ? ತೆಗೀರಿ ಕೈನ!"

ಹಿರಿಯರು ಬೆಂಕಿ ತಾಗಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಹಾಡು ಮತ್ತೆ ಶುರುವಾಯಿತು. ಮೂವರೂ ಮುಖ ಮುಖ ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನಗಂತೂ ಕುಣಿಯಬೇಕು ಅನ್ನಿಸಿತು.

"ಹಾಡು ಇರ್ಲಿ. ಆ ಬೈಗುಳ ಇನ್ನೊಂದ್ಸಲ ಹಾಕಿ," ಎಂದರು ಹಿರಿಯರು.

ನಾನು ಟೇಪನ್ನು ಹಿಂದಕ್ಕೆ ಸುತ್ತಿದೆ. ಅವರು ಕೈಯನ್ನು ಮತ್ತೆ ಯಂತ್ರದ ಮೇಲಿಟ್ಟು ಕಾದರು.